ಗಂಟಲಲ್ಲಿದ್ದ ಅಕ್ಷರ

ರೊಟ್ಟಿ ಬಡಿದಾಯಿತು. ಬೇಳೆ ಬೇಯುವುದರೊಳಗೆ ಇದನ್ನು ಬರೆದುಬಿಡುತ್ತೇನೆ. ನಿನ್ನೆ ಸಂಜೆಯಿಂದ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ.

ನನ್ನ ಮಗಳು ಕರುಣಾ ಹುಟ್ಟಿದಾಗ ಅವಳ ಅಂಗುಳ ಸೀಳಿತ್ತು. ಆಪರೇಷನ್ ಆಗಿ ಅಂಗುಳ ಕೂಡಿತು, ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ‘ಕ’ ಅನ್ನಲು ಹೋದರೆ ಉಸಿರು ಗಂಟಲಲ್ಲಿ ಗಕ್ಕನೆ ನಿಂತು ‘ಅ’ ಎಂದು ಹೊರಬರುತ್ತಿತ್ತು. ಅವಳ ಬಾಯಲ್ಲಿ ಅವಳೇ ‘ಅರುಣಾ’. ಕಲಬುರಗಿಯ ಡಾಕ್ಟರು ಹೇಳಿದಂತೆ ದಿನಾ ಕನ್ನಡಿ ಮುಂದೆ ಕೂರಿಸಿ ಹೇಳಿಕೊಟ್ಟೆ. ಶಾಲೆಯಲ್ಲಿ ಮಕ್ಕಳು ಅಣಕಿಸಿದ ಮೇಲೆ ಯಾರು ಹೆಸರು ಕೇಳಿದರೂ ನನ್ನ ಸೆರಗಿನ ಹಿಂದೆ ಹೋಗಿ ನಿಲ್ಲತೊಡಗಿದಳು. ಒಮ್ಮೆ ತನ್ನ ಹೆಸರನ್ನು ತಾನೇ ಹೇಳಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ಶಹಾಬಾದಿನಲ್ಲಿ ನಮ್ಮ ಪಕ್ಕದ ಮನೆ ತಾಜುನ್ನಿಸಾ ಆಪಾ ಅವರದು. ಸಂಜೆ ತಮ್ಮ ಪರಸಿ ಕಲ್ಲಿನ ಕಟ್ಟೆಯ ಮೇಲೆ ಓಣಿಯ ಮಕ್ಕಳಿಗೆ ಅರಬ್ಬಿ ಅಕ್ಷರ ಕಲಿಸುತ್ತಾರೆ. ಪಾಠ ಒಪ್ಪಿಸುವವರು ಎದ್ದು ನಿಂತು ಮೊದಲು ತಮ್ಮ ಹೆಸರು ಹೇಳಬೇಕು, ಅದು ಅವರ ಕಾಯ್ದೆ. ಕರುಣಾ ತನ್ನ ಗೆಳತಿ ಇಮಾಮ್ಬೀ ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಸುಮ್ಮನೆ ಕೂತಿರುತ್ತಿದ್ದಳು.

ಕಳೆದ ವಾರ ‘ಅಯಿನ್’ ಎಂಬ ಅಕ್ಷರ ಬಂತು. ಗಂಟಲ ನಡುವಿನಿಂದ ಹಿಂಡಿ ತೆಗೆಯಬೇಕಂತೆ. ಮಕ್ಕಳೆಲ್ಲ ಬರೀ ‘ಅ’ ಅಂದರು, ಕೆಲವರು ಕೆಮ್ಮಿದರು. ಅಷ್ಟರಲ್ಲಿ ಯಾರೋ ಸರಿಯಾಗಿ ಅಂದರು. ಆಪಾ ತಲೆ ಎತ್ತಿ, ಯಾರದು ಎಂದು ಕೇಳಿದರು. ಎಲ್ಲರೂ ಕರುಣಾಳತ್ತ ಕೈ ಮಾಡಿದರು.

ಆಪಾ ನನ್ನನ್ನು ಕೂಗಿದರು. ಹಿಟ್ಟಿನ ಕೈಯಲ್ಲೇ ಓಡಿದೆ. ಅವಳ ಮಾತನ್ನೆಲ್ಲ ಹಿಡಿದಿಟ್ಟುಕೊಂಡಿದ್ದ ಆ ಗಂಟಲಿನಲ್ಲೇ ಈ ಅಕ್ಷರ ಮೊದಲಿಂದಲೂ ಇತ್ತು! ಕರುಣಾ ಇಮಾಮ್ಬೀಯ ಕೈಯನ್ನು ತನ್ನ ಕೊರಳಿಗೆ ಒತ್ತಿಕೊಂಡು ಮತ್ತೆ ಮತ್ತೆ ಹೇಳಿ ತೋರಿಸುತ್ತಿದ್ದಳು. ಅವಳ ಸುತ್ತ ಮಕ್ಕಳು ಮುತ್ತಿದ್ದರು.

ಎರಡು ಅಕ್ಷರ ದಾಟಿದ ಮೇಲೆ ‘ಖಾಫ್’ ಬಂತು. ನಮ್ಮ ಕಡೆಯ ಮಂದಿ ಹಾಗೇ ಅನ್ನುವುದು, ಕಲಮ್ ಅನ್ನಲು ಖಲಮ್ ಅಂದಂತೆ. ಸರಿಯಾಗಿ ಅಂದರೆ ಅದು ಗಂಟಲ ಹತ್ತಿರದಿಂದ ಬರುವ ಗಟ್ಟಿ ‘ಕ’ ಅಂತೆ. ಆಪಾ ಆ ‘ಖ’ದ ರೂಢಿ ಬಿಡಿಸಲು ಹೊರಟರು.

“ಕಾಶೀನಾಥ ಭಾಯಿ ಮುಂಜಾನಿ ಮಾರಿ ತೊಳಿಯೋವಾಗ ಕ್ಯಾಕರಿಸ್ತಾರಲ್ಲ, ಆ ಜಾಗಾಕ್ಕ ನಾಲಿಗಿ ಬುಡ ಹಚ್ಚರಿ. ಉಸಿರು ಸೋರಬಾರದು. ಹಚ್ಚಿ ಪಟ್ಟನ ಬಿಡ್ರಿ.”

ಕಟ್ಟೆಯೆಲ್ಲ ನಕ್ಕಿತು. ನಮ್ಮ ಮನೆಯೊಳಗಿಂದ ತಮ್ಮ ಹೆಸರು ಕೇಳಿದ ನನ್ನ ಯಜಮಾನರು ಫೋನಿನಲ್ಲಿ ಮುಖ ಹುದುಗಿಸಿದರು. ಮರುದಿನದಿಂದ ಕರುಣಾ ಬೆಳಿಗ್ಗೆ ಬಚ್ಚಲ ಬಾಗಿಲಲ್ಲೇ ನಿಂತು ಅಪ್ಪನ ಬಾಯನ್ನೇ ನೋಡತೊಡಗಿದಳು.

“ಹಿಂಗ ನೋಡಿದ್ರ ನಂಗ ಹ್ಯಾಂಗ ಬರ್ತದವ್ವ?” ಅಂದರು ಅವರು. ಆದರೂ ಮಗಳಿಗಾಗಿ ಬಾಯಿ ಅಗಲಿಸಿ, ಓಣಿಗೆಲ್ಲ ಕೇಳುವಂತೆ ಕ್ಯಾಕರಿಸಿದರು. ಅವಳೂ ಜೊತೆಗೂಡಿದಳು. ನಾನು ಒಲೆ ಮುಂದೆ ಸೆರಗು ಬಾಯಿಗಿಟ್ಟು ನಕ್ಕೆ.

ನಿನ್ನೆ ಸಂಜೆ ಕಟ್ಟೆಯಲ್ಲಿ ಕರುಣಾ ತಾನಾಗಿಯೇ ಎದ್ದು ನಿಂತಳು. ಪಾಠ ಒಪ್ಪಿಸುತ್ತಾಳಂತೆ. ಹಾಗಾದರೆ ಮೊದಲು ಹೆಸರು. ಅವಳಿಗೆ ವಿನಾಯಿತಿ ಕೊಟ್ಟಾರೆಂದುಕೊಂಡೆ. ಆಪಾ ಕೊಡಲಿಲ್ಲ, ಕಾದರು. ಬಾಗಿಲ ಚೌಕಟ್ಟು ಹಿಡಿದು ನಾನೂ ಕಾದೆ. ಕರುಣಾ ಕಣ್ಣು ಮುಚ್ಚಿ, ನಾಲಿಗೆಯ ಬುಡವನ್ನು ಮೇಲೆತ್ತಿ ಹಚ್ಚಿದ್ದು ಅವಳ ಕೊರಳಲ್ಲೇ ಕಾಣುತ್ತಿತ್ತು.

“ಕರುಣಾ.”

ಇಮಾಮ್ಬೀ ತಕ್ಷಣ ತಕರಾರು ತೆಗೆದಳು. ಆ ‘ಕ’ ಅರಬ್ಬಿ ಪಾಠದ ಒಳಗಿನ ‘ಕ’ ಅಂತೆ, ಹೆಸರಿನದು ಒಂದು ಬೆರಳು ಮುಂದೆ ಬರಬೇಕಂತೆ.

“ಸುಮ್ ಕುಂದ್ರ ನೀ,” ಅಂದ ಆಪಾ ಕಣ್ಣೊರೆಸಿಕೊಂಡರು. “ಇಷ್ಟ್ ದೂರ ಬಂದದ, ಒಂದ್ ಬೆರಳ್ ಬರಲ್ದ ಏನ್ ಮಾಡ್ತದ?”

ಈಗ ಬಾಗಿಲಿಗೆ ಕಾಯಿಪಲ್ಲೆಯಾಕೆ ಬಂದಿದ್ದಾಳೆ. ಬದನೆಕಾಯಿ ಎಷ್ಟು ಬೇಕೆಂದು ಅವಳು ಕೇಳುತ್ತಿದ್ದಾಳೆ. ನನ್ನ ಮಗಳು ತನ್ನ ಹೆಸರು ಹೇಳುತ್ತಿದ್ದಾಳೆ.