ಯಂತ್ರ ಎಣಿಸಿದ ಚೂರುಗಳು

ಆಸ್ಪತ್ರೆಯ ಬಟ್ಟೆಗಳನ್ನೆಲ್ಲ ಒಗೆದು ಇಸ್ತ್ರಿ ಮಾಡುತ್ತಿದ್ದ ಇಸ್ತ್ರಿ ಮಾಮ ಅದೇ ಆಸ್ಪತ್ರೆಯ ಐಸಿಯುನಲ್ಲಿ ಮಲಗಿ ಎರಡು ದಿನವಾಗಿತ್ತು. ಬಟ್ಟೆ ಒಗೆಯುವಲ್ಲಿನ ಬಾಯ್ಲರಿನ ಕೊಳವೆ ಬಿರಿದು, ಬಿಸಿ ಹಬೆಗೆ ಎದೆ, ಹೊಟ್ಟೆ, ತೊಡೆಗಳೆಲ್ಲ ಸುಟ್ಟಿದ್ದವು. ಆದರೂ ಬಾಯಿ ಮಾತ್ರ ಸುಮ್ಮನಿರಲಿಲ್ಲ. ನರ್ಸುಗಳನ್ನು ನಗಿಸುತ್ತಲೇ ಇದ್ದ. ಅದನ್ನು ಕಂಡು ಡಾಕ್ಟರಿಗೂ ಧೈರ್ಯ ಬಂದಿತ್ತು. ಬೆಳಗಿನ ರಕ್ತದ ವರದಿ ಸರಿಯಿದ್ದರೆ ವಾರ್ಡಿಗೆ ಕಳಿಸುವುದೆಂದು ಮಾಮನ ಹೆಂಡತಿಗೆ ಹೇಳಿಯೂ ಆಗಿತ್ತು.

ಕೆಳಗಿನ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಬಾಯಿ ಬಿಡುವುದೇ ಅಪರೂಪ. ಮೇಲಿನ ರೋಗಿಗಳೆಲ್ಲ ಅವಳಿಗೆ ಗೊತ್ತಿದ್ದದ್ದು ಗಾಜಿನ ಮೇಲಿನ ಬಣ್ಣದ ಕಲೆಗಳಾಗಿ ಮಾತ್ರ. ಆ ಮೌನ ಅವಳಿಗೆ ಒಗ್ಗಿಹೋಗಿತ್ತು.

"ಅಕ್ಕಾ, ಪ್ಲೇಟ್‌ಲೆಟ್ ಎರಡು ಲಕ್ಷ ಹತ್ತು ಸಾವಿರ!" ಯಂತ್ರದ ಮುಂದಿದ್ದ ಕಿರಿಯಳು ಕೂಗಿದಳು. "ಮಾಮ ಗಟ್ಟಿ ಪಿಂಡ. ವರದಿ ಕಳಿಸಿಬಿಡ್ಲಾ?"

"ತಡಿ."

"ಮತ್ತೆ ಗಾಜಿಗೆ ಬಳಿಯೋದಾ? ಇಷ್ಟು ದೊಡ್ಡ ಮಷಿನ್ ಸುಳ್ಳು ಹೇಳತ್ತಾ?"

"ಸುಳ್ಳು ಹೇಳಲ್ಲ. ಅದಕ್ಕೆ ಗಾತ್ರ ಗೊತ್ತು, ಮುಖ ಗೊತ್ತಿಲ್ಲ."

ಸುಟ್ಟವರ ರಕ್ತವನ್ನು ಕಣ್ಣಾರೆ ನೋಡದೆ ಸಹಿ ಹಾಕುವುದಿಲ್ಲವೆಂಬುದು ಅವಳ ಹಠ. ರಕ್ತದ ಹನಿಯನ್ನು ಗಾಜಿಗೆ ಬಳಿದು ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ಕೆಂಪು ಕಣಗಳು ಬಿಸಿಗೆ ಬೆಂದು ಮುರಿದಿದ್ದವು. ಕೆಲವು ಪುಟ್ಟ ಗುಂಡುಗಳಾಗಿದ್ದವು, ಮಿಕ್ಕವು ಬರೀ ಚೂರು. ಪ್ಲೇಟ್‌ಲೆಟ್‌ನಷ್ಟೇ ಸಣ್ಣದಾದ ಆ ಚೂರುಗಳನ್ನೂ ಯಂತ್ರ ಪ್ಲೇಟ್‌ಲೆಟ್ ಎಂದೇ ಎಣಿಸಿತ್ತು. ಅವಳು ಒಂದೊಂದನ್ನೇ ಬೇರ್ಪಡಿಸಿ ಎಣಿಸಿದಳು. ನಿಜವಾದವು ಎಪ್ಪತ್ತು ಸಾವಿರದ ಆಸುಪಾಸು, ಇರಬೇಕಾದುದರ ಅರ್ಧವೂ ಇಲ್ಲ. ಕಣಗಳೇ ಹೀಗೆ ಮುರಿದಿವೆಯೆಂದರೆ ಸುಟ್ಟಗಾಯ ಚರ್ಮದ ಮೇಲೆ ಕಾಣುವುದಕ್ಕಿಂತ ಆಳಕ್ಕಿಳಿದಿದೆ.

ಅವಳು ಫೋನೆತ್ತಿದಳು.

"ಸರ್, ಮಾಮನ್ನ ಇವತ್ತು ವಾರ್ಡಿಗೆ ಹಾಕಬೇಡಿ."

ಆ ಕಡೆ ಡಾಕ್ಟರ್ ನಕ್ಕರು. "ನೀವೇ ಫೋನ್ ಮಾಡಿದ್ದೀರಾ? ಮಳೆ ಬರಬೇಕು ಇವತ್ತು. ಮಾಮ ಹುಷಾರಾಗೇ ಇದ್ದಾರಲ್ಲಮ್ಮ."

"ಮಾತು ಹುಷಾರಾಗಿದೆ ಸರ್. ರಕ್ತ ಹುಷಾರಾಗಿಲ್ಲ. ಒಂದ್ಸಲ ಬಂದು ನೋಡಿ."

ಡಾಕ್ಟರ್ ಬಂದರು. ಬಗ್ಗಿ ನೋಡಿದರು, ತುಂಬಾ ಹೊತ್ತು. ಆಮೇಲೆ ತಲೆಯೆತ್ತದೆಯೇ ಹೇಳಿದರು: "ಪ್ಲೇಟ್‌ಲೆಟ್ ಚೀಲ ತರಿಸಿಡಿ. ಮಾಮ ಐಸಿಯುನಲ್ಲೇ ಇರಲಿ."

ಮಾಮನ ಹೆಂಡತಿ ಮುಖ ಸಣ್ಣ ಮಾಡಿಕೊಂಡಳು. ಆದರೆ ಮರುದಿನ ಮಧ್ಯಾಹ್ನ ಮಾಮನ ಬಿಪಿ ಕುಸಿಯಿತು, ಪಟ್ಟಿ ಬಿಚ್ಚಿದಲ್ಲೆಲ್ಲ ರಕ್ತ ಜಿನುಗಿತು. ತರಿಸಿಟ್ಟ ಪ್ಲೇಟ್‌ಲೆಟ್ ಚೀಲ ಕೈಯಳತೆಯಲ್ಲೇ ಇತ್ತು. ಡಾಕ್ಟರ್ ಹಾಸಿಗೆಯ ಪಕ್ಕದಲ್ಲೇ ಇದ್ದರು. ಸಂಜೆಯ ಹೊತ್ತಿಗೆ ಗಂಡಾಂತರ ಕಳೆಯಿತು.

ಹತ್ತನೇ ದಿನ ಯಂತ್ರದ ಎಣಿಕೆಯೂ ಅವಳ ಎಣಿಕೆಯೂ ಒಂದೇ ಆದವು. ಗಾಜಿನ ಮೇಲೆ ಕೆಂಪು ಕಣಗಳು ಮುರಿಯದೆ, ಬಿಲ್ಲೆಗಳಂತೆ ಇಡಿಯಾಗಿ ಕೂತಿದ್ದವು. ವರದಿಯನ್ನು ಆಯಾಳ ಕೈಗೆ ಕೊಡದೆ ಅವಳೇ ಮೆಟ್ಟಿಲು ಹತ್ತಿದಳು. ಐಸಿಯು ಬಾಗಿಲಲ್ಲಿ ಮಾಮನ ಮಂಚವನ್ನು ವಾರ್ಡಿನ ಕಡೆ ತಿರುಗಿಸುತ್ತಿದ್ದರು.

"ಲ್ಯಾಬಿನ ತಾಯೀ, ನೀವೇನಾ?" ಮಾಮ ಕತ್ತು ಹೊರಳಿಸಿದ. "ಇವಳು ಇಷ್ಟು ದಿನ ನಿಮ್ಮನ್ನ ಬೈಕೊಂಡಿದ್ಳು, ಗೊತ್ತಾ?"

"ಒಂದೇ ದಿನ ಬೈದಿದ್ದು ಕಣ್ರೀ!" ಹೆಂಡತಿ ನಾಚಿ ಅವಳ ಕೈ ಹಿಡಿದಳು. ಬಿಡಲಿಲ್ಲ.

ಟೆಕ್ನಿಷಿಯನ್ ಇನ್ನೊಂದು ಕೈಯಿಂದ ಮಂಚದ ಕಂಬಿ ಹಿಡಿದು ತಳ್ಳತೊಡಗಿದಳು.

"ಮೆಲ್ಲಗೆ, ಮೆಲ್ಲಗೆ," ಎಂದ ಮಾಮ. "ನಾನೇನು ಮಾಸಿದ ಬಟ್ಟೆ ಗಂಟಾ?"