ನಿಂತು ಮತ್ತೆ ಓಡಿದ ಪಾಲಣ್ಣ

ಸಾಸ್ವೆಹಳ್ಳಿಯ ಪಾಲಣ್ಣ ಟಪಾಲು ಓಟಗಾರ. ಹೊನ್ನಾಳಿಯ ಓಟಗಾರ ಅರ್ಧ ದಾರಿಗೆ ತಂದುಕೊಟ್ಟ ಚೀಲವನ್ನು ಹೆಗಲಿಗೇರಿಸಿದರೆ ಊರಿನವರೆಗೆ ಎರಡು ಹರದಾರಿ, ಸುಮಾರು ಆರು ಮೈಲಿ, ಒಂದೇ ಓಟ. ಹೆಗಲೇರಿದ ಚೀಲ ನೆಲ ಮುಟ್ಟಬಾರದು, ಓಡುವವನು ನಡುವೆ ನಿಲ್ಲಬಾರದು. ಅದು ಅವನ ಅಪ್ಪನ ಕಾಲದಿಂದ ಬಂದ ಕಟ್ಟಳೆ.

ಒಂದು ವರ್ಷ ಮಳೆಗಾಲದಲ್ಲಿ ಹಳ್ಳದ ಕಲ್ಲಿನ ಮೇಲೆ ಜಾರಿ ಅವನ ಕಾಲಿನ ಮೂಳೆ ಮುರಿಯಿತು. ಸಂಕ್ರಾಂತಿ ಕಳೆದ ಮೇಲೆ ಹೊನ್ನಾಳಿಯ ಡಾಕ್ಟರು, "ಮೂಳೆ ಕೂಡಿದೆ. ಮೆಲ್ಲಗೆ ಶುರು ಮಾಡು" ಎಂದರು. ಪಾಲಣ್ಣ ಮೆಲ್ಲಗೆ ಎಂಬ ಮಾತನ್ನು ಕೇಳಿಸಿಕೊಂಡರೆ ತಾನೆ? ಮರುದಿನವೇ ಎರಡು ಹರದಾರಿಯನ್ನೂ ನಿಲ್ಲದೆ ಓಡಲು ಹೋದ. ಕಾಲು ಬಾತು, ಯಾರದೋ ಗಾಡಿಯಲ್ಲಿ ಮನೆಗೆ ಬಂದ. ಆಮೇಲೆ ಜಗಲಿ ಬಿಟ್ಟು ಇಳಿಯಲಿಲ್ಲ.

ಹೆಂಡತಿ ಸುಂಕಲಮ್ಮನಿಗೆ ಒಳಗೊಳಗೇ ಸಮಾಧಾನ. ಕೂತಿದ್ದರೆ ಬೀಳುವುದಿಲ್ಲವಲ್ಲ! ಆದರೆ ಬದಲಿ ಓಟಗಾರ ಬೀದಿಯಲ್ಲಿ ಹಾದುಹೋಗುವ ಹೊತ್ತಿಗೆ ಗಂಡ ಎದ್ದು ಒಳಗೆ ಹೋಗುತ್ತಿದ್ದ. ಊಟವೂ ಕಡಿಮೆಯಾಯಿತು. ಪೋಸ್ಟ್ ಮಾಸ್ತರರು ಬೇರೆ, "ಯುಗಾದಿ ತನಕ ಕಾಯ್ತೀನಿ. ಆಮೇಲೆ ಬದಲಿ ಆಳೇ ಖಾಯಂ" ಎಂದು ಹೇಳಿ ಕಳಿಸಿದ್ದರು.

ಒಂದು ದಿನ ಗರಡಿಮನೆಯ ಉಸ್ತಾದ್ ಜುಂಜಪ್ಪ ಬಂದ.

"ಏನಪ್ಪಾ, ಜಗಲಿಗೆ ಕಂಬ ಸಾಲದು ಅಂತ ಕೂತೀಯೇನು?"

"ನನ್ನ ಓಟ ಮುಗೀತು ಉಸ್ತಾದ್ರೇ. ನಡುದಾರೀಲಿ ನಿಂತೋನು ಓಟಗಾರ ಹೆಂಗಾದಾನು?"

"ಚೀಲ ಹೊತ್ತಾಗ ನಿಲ್ಲಬಾರದು, ಸರಿ. ಈಗ ನಿನ್ನ ಹೆಗಲ ಮೇಲೆ ಚೀಲ ಎಲ್ಲೈತೆ? ಕೈ ಮುರಿದ ಪೈಲ್ವಾನನ್ನ ನಾನು ಮೊದಲ ದಿನಾನೇ ಕುಸ್ತಿಗೆ ಇಳಿಸ್ತೀನೇನು? ಹತ್ತು ಬೈಠಕ್ ಮಾಡಿಸಿ ಮನೆಗೆ ಕಳಿಸ್ತೀನಿ. ನಾಳೆ ಹನ್ನೆರಡು."

"ಮತ್ತೆ ಬಿದ್ರೆ ಎತ್ತಾಕೆ ನೀವು ಬರ್ತೀರೇನಣ್ಣಾ?" ಸುಂಕಲಮ್ಮ ಸಿಡುಕಿದಳು.

"ನಾನ್ಯಾಕೆ, ನೀನೇ ಜೊತೆಗೆ ಹೋಗು ತಂಗಿ. ನಿನ್ನಷ್ಟು ಹೆದರೋರು ಊರಾಗೆ ಯಾರವ್ರೆ? 'ಸಾಕು' ಅನ್ನೋ ಕೆಲಸ ನಿಂದು. ಆದ್ರೆ 'ನಾಳೆ ಬ್ಯಾಡ' ಅನ್ನಂಗಿಲ್ಲ."

ಮರುದಿನ ಗಂಡ ಹೆಂಡತಿ ಇಬ್ಬರೂ ಹೊರಟರು. ಮೊದಲ ದಿನ ಬಾವಿಯವರೆಗೆ ನಡಿಗೆ. ವಾರದ ಮೇಲೆ ಕೆರೆ ಏರಿಯವರೆಗೆ ನೂರು ಹೆಜ್ಜೆ ಓಟ, ನೂರು ಹೆಜ್ಜೆ ನಡಿಗೆ. ಸುಂಕಲಮ್ಮ "ಸಾಕ್ರೀ" ಎಂದಾಗ ಪಾಲಣ್ಣ ಗೊಣಗುತ್ತಲೇ ನಿಲ್ಲುತ್ತಿದ್ದ. "ಏನಕ್ಕಾ, ಗಂಡನ್ನ ಮೇಯಿಸಾಕೆ ಹೊಂಟೆಯಾ?" ಎಂದು ನೀರಿಗೆ ಬಂದ ಹೆಂಗಸರು ನಗುತ್ತಿದ್ದರು.

ಒಂದು ದಿನ ಕಾಲು ಮತ್ತೆ ಬಾತಿತು. ಎರಡು ದಿನ ವಿಶ್ರಾಂತಿಯಾಯಿತು. ಬಾವು ಇಳಿದರೂ ಮೂರನೆಯ ಬೆಳಿಗ್ಗೆ ಪಾಲಣ್ಣ ಕಂಬಳಿ ಎಳೆದುಕೊಂಡ.

"ಬಿಡೇ, ಇದು ಆಗೋ ಮಾತಲ್ಲ."

ಬೇಡವೆನ್ನಲು ಇದಕ್ಕಿಂತ ಒಳ್ಳೆಯ ಸಮಯ ಸುಂಕಲಮ್ಮನಿಗೆ ಸಿಗುತ್ತಿರಲಿಲ್ಲ. ಆದರೂ ಕಂಬಳಿ ಕಿತ್ತುಕೊಂಡಳು. "ಏಳ್ರೀ, ಏರಿ ತನಕ ಬ್ಯಾಡ. ಬಾವಿ ತನಕ ಹೋಗಿ ಬರಾಣ."

ಹೀಗೆ ದಿನದಿನಕ್ಕೆ ದೂರ ಹೆಚ್ಚಿತು. ಯುಗಾದಿಯ ಹಿಂದಿನ ದಿನ ಪಾಲಣ್ಣ ಹೊನ್ನಾಳಿಯ ಚೀಲ ಹೊತ್ತು ಟಪಾಲು ಕಚೇರಿಯ ಮೆಟ್ಟಿಲು ಹತ್ತಿದ. ಏರುದಾರಿಯಲ್ಲಿ ನಡೆದಿದ್ದ, ಉಳಿದೆಡೆ ಓಡಿದ್ದ. ಮಾಸ್ತರರು ಗಡಿಯಾರ ನೋಡಿದರು.

"ಮೊದಲಿನಷ್ಟು ಬೇಗ ಇಲ್ಲವಲ್ಲ ಪಾಲಣ್ಣ."

"ಇಲ್ಲ ಸ್ವಾಮಿ. ನಾಳೆ ಇನ್ನೊಂದಿಷ್ಟು ಬೇಗ ಬರ್ತೀನಿ."

ಮಾಸ್ತರರು ರುಜು ಹಾಕೆಂದು ಹಾಜರಿ ಪುಸ್ತಕವನ್ನು ಅವನತ್ತ ತಿರುಗಿಸಿದರು. ಬಾಗಿಲಲ್ಲಿ ನಿಂತಿದ್ದ ಸುಂಕಲಮ್ಮ ಆ ದಿನ "ಸಾಕು" ಎನ್ನಲಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಪೆಟ್ಟಾಗಿಯೋ ಜ್ವರ ಬಂದೋ ನಿಮ್ಮ ಓಟವೋ ಸಾಮು ಮಾಡುವುದೋ ನಿಂತುಹೋಗಿದೆಯೇ? ವೈದ್ಯರನ್ನು ಕೇಳಿ ಮತ್ತೆ ಶುರು ಮಾಡಿ. ಹಳೆಯ ವೇಗವನ್ನು ಮೊದಲ ದಿನವೇ ಹುಡುಕಬೇಡಿ. ನೋವಾದರೆ ನಿಲ್ಲಿ, ನೋವು ಇಳಿದ ಮೇಲೂ ಮಲಗಿರಬೇಡಿ. ಮನೆಯಲ್ಲಿ ಅಂಥವರಿದ್ದರೆ, ನಾಳೆ ಬೆಳಿಗ್ಗೆ ನೀವೂ ಅವರ ಜೊತೆ ನಾಲ್ಕು ಹೆಜ್ಜೆ ಹಾಕಿ.