ಜೋಯೆಲನ ಸಾಕ್ಷಿ

ಮಲಾವಿಗೆ ಹೊರಡುವ ಮುಂಚೆ ಮನೋಜನೂ ಅವನ ಹೆಂಡತಿ ರಚನಾಳೂ ಚರ್ಚಿನಿಂದ ಚರ್ಚಿಗೆ ತಿರುಗಬೇಕಾಗಿತ್ತು. ವರ್ಷದ ಮಟ್ಟಿಗೆ ಪರದೇಶಕ್ಕೆ ಸುವಾರ್ತೆ ಸಾರುವ ಸೇವೆಗೆ ಹೋಗುವವರ ಪದ್ಧತಿ ಅದು. ದೇವರು ತಮ್ಮನ್ನು ಹೇಗೆ ಕರೆದ ಎಂದು ಸಭೆಯ ಮುಂದೆ ನಿಂತು ಸಾಕ್ಷಿ ಹೇಳಬೇಕು. ಪೊಮೊನಾದಲ್ಲಿ ಆಯಿತು, ವೆಸ್ಟ್ ಕೊವಿನಾದಲ್ಲಿ ಆಯಿತು. ಉಳಿದದ್ದು ಸ್ಯಾನ್ ಡಿಯಾಗೊದ ಕನ್ನಡ ಸಭೆ. ಅಲ್ಲಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸಿಕೊಡುವವರಿದ್ದರು.

ಸಾಕ್ಷಿ ಹೇಳುವವನು ಮನೋಜ. ಎಲ್ಲ ಕಡೆಯೂ ಅದೇ ಸಾಕ್ಷಿ, ಮಗ ಜೋಯೆಲನದು. ಎಂಟು ವರ್ಷದ ಕೂಸು ರಕ್ತದ ಕಾಯಿಲೆಯಿಂದ ಹೋಗಿ ಎರಡು ವರ್ಷವಾಗಿತ್ತು.

"ಆಸ್ಪತ್ರೇಲಿ ಕೊನೇ ಗಳಿಗೆ. ಪ್ರಾರ್ಥನೆ ಮುಗಿಸಿ ಕಣ್ಣು ಬಿಟ್ಟೆ. ನನ್ನ ಮಗ ಎರಡೂ ಕೈ ಎತ್ತಿ ಕರ್ತನನ್ನ ಸ್ತುತಿಸ್ತಿದ್ದ. ಅವನು ಶುರು ಮಾಡಿದ್ದನ್ನ ನಾವು ನಿಲ್ಲಿಸಬಾರದು ಅಂತ ಹೊರಟಿದ್ದೀವಿ."

ಅಷ್ಟು ಹೇಳುವುದರೊಳಗೆ ಕಣ್ಣೊರೆಸಿಕೊಳ್ಳದವರು ಸಭೆಯಲ್ಲಿ ಉಳಿಯುತ್ತಿರಲಿಲ್ಲ.

ರಚನಾ ಮಾತ್ರ ನೆಲ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಆ ಹೊತ್ತು ಅವಳು ಕಣ್ಣು ಮುಚ್ಚಿರಲಿಲ್ಲ. ಹೆತ್ತ ಕರುಳು ಮುಚ್ಚಗೊಡಲಿಲ್ಲ. ಹುಡುಗ ಕೈ ಎತ್ತಿದ್ದು ಅಪ್ಪನ ಕಡೆಗೆ, ಎತ್ತಿಕೋ ಎಂದು. ಪಾರ್ಕಿನಲ್ಲಿ ನಡೆದು ಕಾಲು ಸೋತಾಗ ಕೈ ಎತ್ತುತ್ತಿದ್ದನಲ್ಲ, ಹಾಗೆಯೇ. ಮುಖಕ್ಕೆ ಆಕ್ಸಿಜನ್ ಮಾಸ್ಕು, ಬಾಯಲ್ಲಿ ದನಿಯಿಲ್ಲ. ಅಪ್ಪನ ಪ್ರಾರ್ಥನೆ ಬೇಗ ಮುಗಿಯಲಿಲ್ಲ; ಅವನು ಕಣ್ಣು ಬಿಡುವ ಹೊತ್ತಿಗೆ ತಡವಾಗಿತ್ತು. ಪ್ರಾರ್ಥನೆಯ ನಡುವೆ ಬಾಯಿ ಹಾಕಬಾರದೆಂದು ಮಾತು ಬಂದಾಗಿನಿಂದ ಕಲಿತವಳು ಅವಳು. ಸುಮ್ಮನಿದ್ದುಬಿಟ್ಟಳು.

ಹೊರಡುವ ವಾರ ವಾಲ್‌ನಟ್ ಊರಿನ ಅವರ ಮನೆಗೆ ಅನಸೂಯ ಆಂಟಿ ಬಂದರು. ಧಾರವಾಡದ ಕಡೆಯವರು, ಪೊಮೊನಾ ಚರ್ಚಿನ ಹಿರಿಯರು.

"ತಗೋಳವಾ, ಉಪ್ಪಿನಕಾಯಿ."

"ಆಂಟಿ, ಏರ್‌ಪೋರ್ಟ್‌ನಲ್ಲಿ ಎಸೆದುಬಿಡ್ತಾರೆ."

"ಎಸೀಲಿ ನೋಡೂಣು! ಅದರ ಖಾರ ಅವರ ಕಣ್ಣಿಗೇ ಹತ್ತತೈತಿ."

ರಚನಾ ನಕ್ಕಳು. ಆಂಟಿ ದನಿ ತಗ್ಗಿಸಿದರು.

"ಮಗಾ ಹೋದಾಗ ನಿನ್ನ ಗಂಡ ಅನ್ನಾ ನೀರು ಬಿಟ್ಟು ಮೂಲ್ಯಾಗ ಕುಂತಿದ್ದ. ಈ ಸಾಕ್ಷಿನ ಅವನ್ನ ಎಬ್ಬಿಸೈತಿ. ಅದೊಂದು ಊರುಗೋಲು ನೋಡು ಅವನಿಗೆ."

ಅದು ಗೊತ್ತಿದ್ದೇ ಅವಳು ಎರಡು ವರ್ಷ ನುಂಗಿಕೊಂಡಿದ್ದು.

ಭಾನುವಾರ ಬೆಳಿಗ್ಗೆ ಸ್ಯಾನ್ ಡಿಯಾಗೊಗೆ ಹೊರಟರು. ಬಲಕ್ಕೆ ಸಮುದ್ರ ಕಾಣಿಸಿದಾಗ ಮನೋಜ ಹೇಳಿದ, "ಇವತ್ತು ನೀನೂ ಹೇಳು. ತಾಯಿ ಬಾಯಿಂದ ಕೇಳಬೇಕು ಅಂತಾರೆ ಪಾಸ್ಟರ್."

"ನಂಗೆ ಬೇಡ."

"ಏನ್ ಕಷ್ಟ? ಕಂಡಿದ್ದನ್ನ ಹೇಳು, ಸಾಕು."

"ಕಂಡಿದ್ದನ್ನ ನೀನು ತಡ್ಕೊಳಲ್ಲ, ಮನು."

ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಬರುವ ಮಾತೇ ಅದು? ಅವನು ಹೆದ್ದಾರಿ ಬದಿಯ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿದ. ಅವಳು ಹೇಳಿದಳು. ಸಣ್ಣ ದನಿಯಲ್ಲಿ, ಒಂದನ್ನೂ ಬಿಡದೆ.

ಅವನು ಸ್ಟೀರಿಂಗ್ ಹಿಡಿದುಕೊಂಡೇ ಕೇಳಿದ, "ಆಗಲೇ ಯಾಕೆ ನನ್ನ ಕರೀಲಿಲ್ಲ?"

"ನೀನು ಪ್ರಾರ್ಥನೆ ಮಾಡ್ತಿದ್ದೆ."

ಅವನು ಮತ್ತೆ ಕಾರು ಹೊರಡಿಸಿದ.

ಸಭೆಯಲ್ಲಿ ಮನೋಜ ಮೈಕಿನ ಮುಂದೆ ನಿಂತ. "ನಮಗೊಬ್ಬ ಮಗ ಇದ್ದ" ಎಂದ. ಮುಂದಿನ ಮಾತಿಗೆ ಜನ ಕಾದರು. ಅವನು ಮೈಕು ಬಿಟ್ಟು ಹಿಂದೆ ಸರಿದ. ದುಃಖ ಉಕ್ಕಿತೆಂದು ತಿಳಿದ ಪಾಸ್ಟರ್ ಭುಜ ತಟ್ಟಿ, ಇಬ್ಬರನ್ನೂ ಮೊಣಕಾಲೂರಿಸಿದರು. ಹಿರಿಯರು ಸುತ್ತ ನಿಂತು ತಲೆಯ ಮೇಲೆ ಕೈಯಿಟ್ಟರು. ಎಲ್ಲರೂ ಕಣ್ಣು ಮುಚ್ಚಿದರು.

ಪ್ರಾರ್ಥನೆ ಅರ್ಧಕ್ಕೆ ಬಂದಿತ್ತು. ಮನೋಜ ಎದ್ದು ಹೊರಗೆ ನಡೆದ. ಯಾರಿಗೂ ತಡೆಯಲು ತೋಚಲಿಲ್ಲ. ರಚನಾ ತಲೆಯ ಮೇಲಿನ ಕೈಗಳನ್ನು ಸರಿಸಿ ಹಿಂದೆಯೇ ಹೋದಳು.

ಅವನು ಕಾರಿನಲ್ಲಿ ಕೂತಿದ್ದ, ಅವಳು ಕೂರುವ ಸೀಟಿನಲ್ಲಿ.

"ನೀನು ಹೇಳಬಾರದಿತ್ತು, ರಚನಾ."

"ಹೌದು."

"ಹೇಳದೇ ಇರಬಾರದಿತ್ತು ಕೂಡ."

ಅದಕ್ಕೂ ಅವಳು ಹೌದೆಂದಳು.

ಅವನು ಕೀ ಚಾಚಿದ. "ನೀನೇ ಡ್ರೈವ್ ಮಾಡು. ನನ್ನ ಕೈಲಾಗಲ್ಲ."

"ಎಲ್ಲಿಗೆ?"

ಅವನು ಸೀಟ್ ಬೆಲ್ಟ್ ಎಳೆದು ಹಾಕಿಕೊಂಡ. ಅವಳು ಕಾರು ಶುರು ಮಾಡಿದಳು.